ಆಚೆ ತುದಿಯ ಕಂಪ್ಯೂಟರು

ಜಾತಕ ನೋಡುವವರು ಎಂದಾದರೂ ಒಂದೇ ಕಾರಣ ಹೇಳಿದ್ದುಂಟೇ? ಶನಿಯ ಕಾಟ ಇರಬಹುದು, ಇಲ್ಲವಾದರೆ ಮನೆದೇವರ ಹರಕೆ ಬಾಕಿ ಇರಬಹುದು, ಅದೂ ಅಲ್ಲದಿದ್ದರೆ ಯಾರದೋ ಕಣ್ಣು ತಾಗಿರಬಹುದು ಎನ್ನುತ್ತಾರೆ. ಮೂರರಲ್ಲಿ ಒಂದು ಎಲ್ಲರ ಮನೆಗೂ ಹೊಂದುತ್ತದೆ. ನನ್ನ ಕಂಪ್ಯೂಟರಿನ ಸ್ವಭಾವವೂ ಹೀಗೆಯೇ. ದೂರದ ಆಫೀಸಿನಲ್ಲಿರುವ ಕಂಪ್ಯೂಟರನ್ನು ಮನೆಯಲ್ಲಿ ಕುಳಿತು ತೆರೆಯಲು ಹೋದಾಗ ಸಂಪರ್ಕ ಸಿಗದಿದ್ದರೆ ಅದು ಪರದೆಯ ನಡುವೆ ಒಂದು ಪೆಟ್ಟಿಗೆ ಬಿಡಿಸಿ ಮೂರು ಕಾರಣ ಹೇಳುತ್ತದೆ. ಆಚೆಯ ಕಂಪ್ಯೂಟರಿನಲ್ಲಿ ದೂರದಿಂದ ಬರುವವರಿಗೆ ಅನುಮತಿ ಕೊಟ್ಟಿಲ್ಲದಿರಬಹುದು, ಅದು ಆಫ್ ಆಗಿರಬಹುದು, ಅಥವಾ ನೆಟ್‌ವರ್ಕಿನಲ್ಲಿ ಇಲ್ಲದಿರಬಹುದು. ಕೆಳಗೆ ಒಂದು ‘ಓಕೆ’ ಗುಂಡಿ. ಓಕೆ ಅನ್ನುವಂಥದ್ದು ಇದರಲ್ಲಿ ಏನಿದೆಯೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

2023ರ ಮಳೆಗಾಲದ ಅರ್ಧ ಭಾಗವನ್ನು ನಾನು ಈ ಪೆಟ್ಟಿಗೆಯ ಎದುರು ಕಳೆದೆ.

ನಾನು ಸಾಗರದಲ್ಲಿ ಒಬ್ಬ ಆಡಿಟರರ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಹದಿನಾಲ್ಕು ವರ್ಷ ಅದೇ ಕುರ್ಚಿ, ಅದೇ ಕಿಟಕಿ. ಅಡಿಕೆ ವ್ಯಾಪಾರಿಗಳು, ಎರಡು ಔಷಧಿ ಅಂಗಡಿ, ಒಂದು ಅಕ್ಕಿ ಗಿರಣಿ, ಹೀಗೆ ಇಪ್ಪತ್ತೆಂಟು ಜನರ ಲೆಕ್ಕ ನನ್ನ ಕಂಪ್ಯೂಟರಿನಲ್ಲಿ ಇತ್ತು. ಆ ವರ್ಷ ಮೇ ತಿಂಗಳ ಕೊನೆಯಲ್ಲಿ ಸಿದ್ದಾಪುರದ ಕಡೆಯ ನಮ್ಮ ತೌರಿನಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದವು. ಮಾತು ಅರ್ಧಂಬರ್ಧ. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಯಾರಾದರೂ ಜೊತೆಗಿರಬೇಕು ಎಂಬ ಮಾತು ಬಂದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಅಣ್ಣ ಬೆಂಗಳೂರಿನಲ್ಲಿದ್ದಾನೆ, ದುಡ್ಡು ಕಳಿಸುತ್ತಾನೆ. ದುಡ್ಡು ಕಳಿಸುವವರನ್ನು ಯಾರೂ ಬನ್ನಿ ಎನ್ನುವುದಿಲ್ಲ, ನೋಡಿ. ‘ನಿಂದು ಹೇಗೂ ಕಂಪ್ಯೂಟರ್ ಕೆಲಸ ತಾನೇ, ಎಲ್ಲಿ ಕೂತು ಮಾಡಿದರೇನು’ ಎಂದ.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕೆಲಸ ಬಿಡುವಂತೆಯೂ ಇರಲಿಲ್ಲ, ಮಗಳ ಹಾಸ್ಟೆಲ್ಲಿನ ಫೀಜು ಹೋಗುತ್ತಿದ್ದುದು ನನ್ನ ಸಂಬಳದಿಂದ. ಹೆದರುತ್ತಲೇ ಸಾಹೇಬರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ‘ಜುಲೈ ಇಪ್ಪತ್ತರ ರಿಟರ್ನು ತೊಂದರೆ ಇಲ್ಲದೆ ಹೋಗಲಿ, ಮುಂದಿನದು ಆಮೇಲೆ ನೋಡೋಣ’ ಎಂದರು. ಹೋಗದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಎರಡು ಸಲ ಅರ್ಜಿ ಹಿಡಿದು ಬಂದು ಹೋದದ್ದು ನನಗೆ ಗೊತ್ತಿತ್ತು. ತಿಂಗಳ ಜಿಎಸ್‌ಟಿ ಲೆಕ್ಕ ಇಪ್ಪತ್ತನೇ ತಾರೀಖು ದಾಟಿದರೆ ಗಿರಾಕಿಗೆ ದಿನಕ್ಕೆ 50 ರೂಪಾಯಿ ದಂಡ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಸಾಹೇಬರ ಗಡಿಬಿಡಿಗೂ ಅರ್ಥವಿತ್ತು.

ಕಂಪ್ಯೂಟರ್ ಅಂಗಡಿಯ ಹುಡುಗ ಬಂದು ಎಲ್ಲ ಜೋಡಿಸಿಕೊಟ್ಟ. ಮೊದಲು ಅವನು ನೋಡಿದ್ದು ನನ್ನ ಆಫೀಸಿನ ಕಂಪ್ಯೂಟರಿನಲ್ಲಿ ಯಾವ ಬಗೆಯ ವಿಂಡೋಸ್ ಇದೆ ಎಂದು. ಅದರಲ್ಲಿ ‘ಹೋಮ್’ ಎಂದೂ ‘ಪ್ರೊ’ ಎಂದೂ ಇವೆಯಂತೆ. ಹೋಮ್ ಇರುವ ಕಂಪ್ಯೂಟರಿನಿಂದ ಬೇರೆ ಕಂಪ್ಯೂಟರಿಗೆ ಹೋಗಬಹುದು, ಆದರೆ ಹೊರಗಿನಿಂದ ಅದರೊಳಕ್ಕೆ ಬರುವಂತಿಲ್ಲ. ಹೋಮ್ ಎಂದು ಹೆಸರಿಟ್ಟವರು ಎಂದಾದರೂ ನಮ್ಮ ಕಡೆಯ ಮನೆ ನೋಡಿದ್ದರೆ, ಬರುವವರ ಕಾಲಿಗೆ ನೀರು ಕೊಟ್ಟೇ ಮುಗಿಯದ ಮನೆಗೆ, ಈ ಹೆಸರು ಇಡುತ್ತಿರಲಿಲ್ಲ. ಪುಣ್ಯಕ್ಕೆ ನನ್ನದು ಪ್ರೊ.

ಅವನು ಹೇಳಿಕೊಟ್ಟದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಂಗತಿ. ರಿಮೋಟ್ ಡೆಸ್ಕ್‌ಟಾಪ್ ಎಂದರೆ ಲೆಕ್ಕವೆಲ್ಲ ನಮ್ಮ ಕಡೆ ಹರಿದು ಬರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ಲೆಕ್ಕ ಅಲ್ಲೇ ಇರುತ್ತದೆ, ಟ್ಯಾಲಿ ಅಲ್ಲೇ ಓಡುತ್ತದೆ. ಅಲ್ಲಿಂದ ಇಲ್ಲಿಗೆ ಬರುವುದು ಪರದೆಯ ಚಿತ್ರ, ಇಲ್ಲಿಂದ ಅಲ್ಲಿಗೆ ಹೋಗುವುದು ನಾನು ಒತ್ತಿದ ಗುಂಡಿ, ಸರಿಸಿದ ಮೌಸು. ನಡುವೆ ಕರೆಂಟು ಹೋಗಿ ನನ್ನ ಪರದೆ ಆರಿದರೂ ಅಲ್ಲಿ ಬರೆಯುತ್ತಿದ್ದ ಸಾಲು ಬರೆದಷ್ಟು ಹಾಗೇ ಇರುತ್ತದೆ, ಮತ್ತೆ ಹೋದರೆ ಅಲ್ಲಿಂದಲೇ ಮುಂದುವರಿಸಬಹುದು. ನಮ್ಮ ಹಳ್ಳಿಯ ಕರೆಂಟಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇರಲಾರದು.

ಮೊದಲ ವಾರದ ತೊಂದರೆಗಳು ಸಣ್ಣವು. ಆಫೀಸಿನ ಕಂಪ್ಯೂಟರಿಗೆ ನಾನು ಪಾಸ್‌ವರ್ಡೇ ಇಟ್ಟಿರಲಿಲ್ಲ. ಖಾಲಿ ಪಾಸ್‌ವರ್ಡಿನವರನ್ನು ವಿಂಡೋಸ್ ದೂರದಿಂದ ಒಳಗೆ ಬಿಡುವುದಿಲ್ಲ, ಎದುರು ಬಂದು ಕುಳಿತರೆ ಮಾತ್ರ ಬಿಡುತ್ತದೆ. ಹುಡುಗ ಪಾಸ್‌ವರ್ಡೂ ಇಟ್ಟ, ದಿನಾ ಒತ್ತಲು ಸುಲಭವಾಗಲಿ ಎಂದು ನಾಲ್ಕಂಕಿಯ ಪಿನ್ನೂ ಇಟ್ಟ. ನಾನು ಮನೆಯಿಂದ ಪಿನ್ ಹೊಡೆದೆ, ಅದು ತಪ್ಪು ಎಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ನನ್ನ ಮಗಳ ಹುಟ್ಟಿದ ವರ್ಷವನ್ನೇ ತಪ್ಪು ಎನ್ನುತ್ತದಲ್ಲ ಎಂದು ಸಿಟ್ಟು ಬಂತು. ಪಿನ್ ಆ ಯಂತ್ರದ ಎದುರು ಕೂತವರಿಗೆ ಮಾತ್ರ ಎಂದೂ ದೂರದಿಂದ ಬಂದವರು ಪೂರ್ತಿ ಪಾಸ್‌ವರ್ಡೇ ಹೇಳಬೇಕೆಂದೂ ತಿಳಿದದ್ದು ಆಮೇಲೆ. ಇನ್ನೊಂದು ದಿನ ಅದರ ಮನೆ ನಂಬರೇ ಬದಲಾಗಿತ್ತು. ಕಚೇರಿಯ ರೌಟರು ಪ್ರತಿ ಕಂಪ್ಯೂಟರಿಗೂ 192.168.1 ಎಂದು ಶುರುವಾಗುವ ಒಂದು ನಂಬರು ಹಂಚುತ್ತದೆ. ಬಸ್ಸಿನ ಸೀಟಿನಂತೆ, ಮೊದಲು ಹತ್ತಿದವರಿಗೆ ಸಿಕ್ಕಿದ್ದು ಸಿಕ್ಕಿತು. ಸಾಹೇಬರ ಹೊಸ ಪ್ರಿಂಟರು ನನ್ನ ಸೀಟಿನಲ್ಲಿ ಕೂತುಬಿಟ್ಟಿತ್ತು. ಹುಡುಗ ರೌಟರಿನಲ್ಲಿ ನನ್ನ ಕಂಪ್ಯೂಟರಿನ ಹೆಸರಿಗೆ ಇಪ್ಪತ್ತನೇ ನಂಬರು ಕಾದಿರಿಸಿದ. ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ.

ಇವೆಲ್ಲ ಕಳೆದ ಮೇಲೂ ಒಂದು ತೊಂದರೆ ಉಳಿಯಿತು. ಸಂಜೆ ಆರೂವರೆ ದಾಟಿದರೆ ಸಂಪರ್ಕ ಇಲ್ಲ. ನನಗೋ, ಅಮ್ಮನಿಗೆ ಊಟ ಮಾಡಿಸಿ ಮಲಗಿಸಿದ ಮೇಲೆ, ರಾತ್ರಿ ಎಂಟರ ನಂತರವೇ ಕೈ ಬಿಡುವು. ಕಂಪ್ಯೂಟರು ನಿದ್ದೆ ಹೋಗುತ್ತಿರಬೇಕು, ನಿದ್ದೆಯಲ್ಲಿದ್ದರೆ ಕದ ತಟ್ಟಿದರೂ ಏಳುವುದಿಲ್ಲ ಎಂದು ಹುಡುಗ ಅದರ ನಿದ್ದೆಯನ್ನೇ ತೆಗೆದುಹಾಕಿದ. ಆದರೂ ಆರೂವರೆಗೆ ಸರಿಯಾಗಿ ಅದೇ ಪೆಟ್ಟಿಗೆ, ಅವೇ ಮೂರು ಕಾರಣ.

ಮೂರರಲ್ಲಿ ಎರಡನೆಯದೇ ನಿಜವಾಗಿತ್ತು. ನಮ್ಮ ಕಚೇರಿಯಲ್ಲಿ ಕಸ ಗುಡಿಸಿ, ಟೇಬಲ್ ಒರೆಸಿ, ಚಹಾ ಮಾಡಿಕೊಡುವ ಹೆಂಗಸೊಬ್ಬಳಿದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಕಚೇರಿಗೆ ಬಂದದ್ದು ನನ್ನ ನಂತರ. ಬೆಳಿಗ್ಗೆ ಬೀಗ ತೆಗೆಯುವವಳೂ ಸಂಜೆ ಹಾಕುವವಳೂ ಅವಳೇ. ಹಾಕುವ ಮೊದಲು ಗೋಡೆಯ ಮೇಲಿನ ಮೈನ್ ಸ್ವಿಚ್ಚನ್ನು ಕೆಳಗೆಳೆದು ಹೋಗುತ್ತಿದ್ದಳು. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಿದವಳಲ್ಲ.

ಫೋನಿನಲ್ಲಿ ಕೇಳಿದಾಗ, ‘ನೀವೇ ಹೇಳಿದ್ದಲ್ವಾ ಅಮ್ಮಾ?’ ಎಂದಳು.

ನೆನಪಾಯಿತು. ಅವಳು ಸೇರಿದ ಮೊದಲ ವರ್ಷ, ಮಳೆಗಾಲ ಶುರುವಾಗುವ ಹೊತ್ತು, ರಾತ್ರಿ ಸಿಡಿಲು ಬಡಿದು ಒಂದು ಮೋಡೆಮ್ಮೂ ಒಂದು ಕಂಪ್ಯೂಟರೂ ಸುಟ್ಟುಹೋಗಿದ್ದವು. ಮೈನ್ ತೆಗೆದು ಹೋಗಬಾರದಿತ್ತೇ ಎಂದು ಎಲ್ಲರೆದುರು ಅವಳನ್ನು ಬೈದವಳು ನಾನೇ. ಹಾಗೆ ಮಾಡಬೇಕೆಂದು ಅಲ್ಲಿಯವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಮಲೆನಾಡಿನ ಮಳೆಗಾಲ ಬಲ್ಲವರಿಗೆ ಅವಳ ಅಭ್ಯಾಸದ ಬೆಲೆ ಗೊತ್ತು. ಈಗ ಅದನ್ನು ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ, ಬಿಡುವುದು ಬುದ್ಧಿವಂತಿಕೆಯೂ ಆಗಿರಲಿಲ್ಲ.

ಉಪಾಯ ಹೇಳಿದವನು ಅಂಗಡಿಯ ಹುಡುಗನೇ. ಕಂಪ್ಯೂಟರು ಶುರುವಾಗುವ ಮೊದಲು ಒಂದು ನೀಲಿ ಪರದೆಗೆ ಹೋಗಬಹುದಲ್ಲ, ಬಯೋಸ್ ಎನ್ನುತ್ತಾರೆ, ಅಲ್ಲಿ ಒಂದು ಆಯ್ಕೆ ಇರುತ್ತದೆ. ಹೋದ ಕರೆಂಟು ಮತ್ತೆ ಬಂದ ಕೂಡಲೆ, ಯಾರೂ ಗುಂಡಿ ಒತ್ತದಿದ್ದರೂ ಕಂಪ್ಯೂಟರು ತಾನಾಗಿ ಏಳುವಂತೆ ಮಾಡಬಹುದು. ಎಲ್ಲ ಕಂಪ್ಯೂಟರಿನಲ್ಲೂ ಇರುವುದಿಲ್ಲ, ನಮ್ಮದರಲ್ಲಿತ್ತು. ಅಂದಿನಿಂದ ಹೀಗೆ ಗೊತ್ತಾಯಿತು: ಸಂಜೆ ಅವಳು ಆಕಾಶ ನೋಡುತ್ತಾಳೆ. ಗುಡುಗು ಸಿಡಿಲಿನ ಲಕ್ಷಣವಿದ್ದರೆ ನನಗೆ ಫೋನು ಮಾಡಿ, ‘ಅಮ್ಮಾ, ಮೈನ್ ತೆಗೀತೀನಿ’ ಎನ್ನುತ್ತಾಳೆ. ಬರೀ ಮಳೆಯಾದರೆ, ‘ದೀಪ ಇಟ್ಟು ಹೋಗ್ತೀನಿ’ ಎನ್ನುತ್ತಾಳೆ. ದೀಪವೆಂದರೆ ಕಂಪ್ಯೂಟರಿನ ಹಸಿರು ಬೆಳಕು. ಬೆಳಿಗ್ಗೆ ಎಂಟೂಕಾಲಿಗೆ ಮೈನ್ ಎತ್ತುತ್ತಾಳೆ, ಸಿದ್ದಾಪುರದ ಕಡೆ ಅಮ್ಮನ ಹಾಸಿಗೆಯ ಪಕ್ಕದಲ್ಲಿ ನನ್ನ ಆಫೀಸು ಬಾಗಿಲು ತೆರೆಯುತ್ತದೆ. ಅವಳಿಗೆ ಇಂಗ್ಲಿಷ್ ಓದಲು ಬಾರದು. ಒಮ್ಮೆ ಪರದೆಯ ಮೇಲೆ ಏನಿದೆ ಹೇಳು ಎಂದಾಗ ಅಕ್ಷರಗಳನ್ನು ಆಕಾರದಿಂದಲೇ ಹೇಳಿದಳು: ‘ಒಂದು ಕುರ್ಚಿ, ಆಮೇಲೆ ಒಂದು ಬಳೆ, ಆಮೇಲೆ ಮುರಿದ ಬಳೆ.’ ಕುರ್ಚಿ ಎಂದರೆ ಸಣ್ಣ ಎಚ್ ಎಂದು ಕಂಡುಹಿಡಿಯಲು ನನಗೆ ಹೊತ್ತು ಹಿಡಿಯಿತು, ನಗುವಿಗೆ ಹೊತ್ತು ಹಿಡಿಯಲಿಲ್ಲ. ಅಮ್ಮನಿಗೆ ಹೇಳಿದೆ. ಅವಳೂ ಬಾಯಿಯ ಒಂದು ಬದಿಯಿಂದ ನಕ್ಕಳು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಇಲ್ಲಿ ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಅಣ್ಣನ ಮಗ ಕಂಪ್ಯೂಟರ್ ಓದಿದವನು, ‘ಅತ್ತೆ, ಇಷ್ಟು ತಾಪತ್ರಯ ಯಾಕೆ, ರೌಟರಿನಲ್ಲಿ 3389ನೇ ಬಾಗಿಲನ್ನು ನೇರ ಇಂಟರ್ನೆಟ್ಟಿಗೆ ತೆಗೆದಿಡಿ’ ಎಂದ. ರಿಮೋಟ್ ಡೆಸ್ಕ್‌ಟಾಪಿನ ಬಾಗಿಲ ನಂಬರು ಅದು. ಅಂಗಡಿಯ ಹುಡುಗ ಕೈಮುಗಿದು ಬೇಡ ಎಂದ. ಆ ನಂಬರಿನ ಬಾಗಿಲು ಎಲ್ಲಿ ತೆರೆದಿದೆ ಎಂದು ಹುಡುಕಿ ಹಗಲು ರಾತ್ರಿ ಪಾಸ್‌ವರ್ಡು ಹೊಡೆದು ನೋಡುವ ಕಳ್ಳರಿದ್ದಾರೆ. ಅದಕ್ಕೇ ಅವನು ವಿಪಿಎನ್ ಎಂಬ ಸುರಂಗ ಹಾಕಿಕೊಟ್ಟಿದ್ದ, ಸುರಂಗದ ಬೀಗದ ಕೈ ಇದ್ದವರು ಮಾತ್ರ ಆ ಬಾಗಿಲಿಗೆ ತಲುಪುತ್ತಾರೆ. ನೀವೂ ಅಷ್ಟೆ, ಯಾರೋ ಬ್ಯಾಂಕಿನವರು ಎಂದು ಫೋನು ಮಾಡಿ, ನಿಮ್ಮ ಫೋನಿಗೆ ಇಂಥದೊಂದು ಆ್ಯಪ್ ಹಾಕಿಕೊಳ್ಳಿ, ಅದರಲ್ಲಿ ಬರುವ ಅಂಕಿ ಹೇಳಿ ಎಂದರೆ ಫೋನು ಇಟ್ಟುಬಿಡಿ. ಅದೂ ಇಂಥದೇ ದೂರದ ಬಾಗಿಲು, ನಿಮ್ಮ ಮನೆಯೊಳಕ್ಕೆ ತೆರೆಯುವಂಥದ್ದು. 2019ರಲ್ಲೇ ರಿಸರ್ವ್ ಬ್ಯಾಂಕು ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಆದರೂ ನಮ್ಮ ಬೀದಿಯ ನಿವೃತ್ತ ಟೀಚರೊಬ್ಬರು ಪಿಂಚಣಿ ಹಣ ಕಳೆದುಕೊಂಡರು.

ಜುಲೈ ಹದಿನೆಂಟು, ಅಧಿಕ ಶ್ರಾವಣ ಹಿಡಿದ ದಿನ. ಅದೇ ದಿನ ಅಮ್ಮನ ಮನೆಗೆ ಹೊಸ ಫೈಬರ್ ಲೈನು ಬಂತು. ಅಣ್ಣ ದುಡ್ಡು ಕಟ್ಟಿದ್ದ. ಲೈನಿನವರು ಅಂಗಳದಲ್ಲಿ ಕೆಸರು ತುಳಿದು, ಗೋಡೆಗೆ ತೂತು ಕೊರೆದು, ಹೊಸ ಬಿಳಿ ಪೆಟ್ಟಿಗೆ ಕೂರಿಸಿ, ಹಳೆಯದನ್ನು ಕಿತ್ತು ಹೋದರು. ಅಲ್ಲಿಯವರೆಗೆ ಆಮೆಯಂತಿದ್ದ ಇಂಟರ್ನೆಟ್ಟು ಮೊಲವಾಯಿತು. ಅಮ್ಮನಿಗೆ ಭಜನೆ ಹಾಕಿಕೊಟ್ಟು ನಿಶ್ಚಿಂತೆಯಿಂದ ಮಲಗಿದೆ.

ಹತ್ತೊಂಬತ್ತರ ಬೆಳಿಗ್ಗೆ ಎಂಟೂವರೆಗೆ ತೆರೆದರೆ ಅದೇ ಪೆಟ್ಟಿಗೆ. ಸುರಂಗ ಹತ್ತಿತು, ಅದರ ದೀಪ ಹಸಿರು. ಆಚೆಯ ಕಂಪ್ಯೂಟರು ಮಾತ್ರ ಇಲ್ಲ. ಒಂಬತ್ತಕ್ಕೆ ಇಲ್ಲ, ಹತ್ತಕ್ಕೆ ಇಲ್ಲ. ಇನ್ನೂ ಹನ್ನೊಂದು ಗಿರಾಕಿಗಳ ಲೆಕ್ಕ ಬಾಕಿ. ಅಂಗಡಿಯ ಹುಡುಗ ಅಕ್ಕನ ಮದುವೆಗೆಂದು ರಜೆ ಹಾಕಿ ಫೋನು ಆರಿಸಿದ್ದ. ಅವಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅಷ್ಟರಲ್ಲಿ ಸಾಹೇಬರದೇ ಫೋನು ಬಂತು, ಅವರು ಶಿವಮೊಗ್ಗಕ್ಕೆ ಹೊರಟು ದಾರಿಯಲ್ಲಿದ್ದರು. ‘ಎಲ್ಲಿಗೆ ಬಂತು?’

ನನ್ನ ಬಾಯಿಯಿಂದ ಬಂದ ಮಾತು ಇದು: ‘ಸರ್, ಅವಳು ಇವತ್ತು ಮೈನ್ ಹಾಕಿಲ್ಲ ಕಾಣುತ್ತೆ.’

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ತಪ್ಪು ಆಚೆ ತುದಿಯಲ್ಲಿದೆ ಎಂದರೆ ನನ್ನ ತುದಿ ಸರಿಯಿದೆ ಎಂದಾಗುತ್ತದೆ, ಮನೆಯಿಂದ ಕೆಲಸ ಮಾಡುವವಳಿಗೆ ಅದು ದೊಡ್ಡ ವಿಷಯ. ಸಾಹೇಬರು, ‘ನಾನು ನೋಡ್ತೀನಿ’ ಎಂದು ಫೋನಿಟ್ಟರು.

ಮಧ್ಯಾಹ್ನ ಅವಳ ಫೋನು ಬಂತು. ಆ ದಿನ ಅವಳಿಗೆ ಜ್ವರ. ಬೆಳಿಗ್ಗೆ ಬಂದು ಮೈನ್ ಎತ್ತಿ, ಕಸ ಗುಡಿಸಿ ಮನೆಗೆ ಹೋಗಿ ಮಲಗಿದ್ದಳಂತೆ. ಸಾಹೇಬರು ಬೈದರೆಂದು ಆ ಮಳೆಯಲ್ಲಿ ಮತ್ತೆ ಕಚೇರಿಗೆ ನಡೆದು ಬಂದಿದ್ದಳು. ‘ಅಮ್ಮಾ, ದೀಪ ಹಸಿರೇ ಇದೆ. ಬೆಳಿಗ್ಗೆಯಿಂದ ನಾನು ಮುಟ್ಟಿಲ್ಲ. ಹಿಂದುಗಡೆ ವಯರೂ ಮಿಣಿಮಿಣಿ ಅನ್ನುತ್ತೆ’ ಎಂದಳು. ಅವಳ ಹಲ್ಲು ಕಟಕಟ ಎನ್ನುವುದು ಕೇಳುತ್ತಿತ್ತು. ನಾನು ಏನು ಹೇಳಿದೆ ಗೊತ್ತೇ? ‘ಇನ್ನೊಂದು ಸಲ ಸರಿಯಾಗಿ ನೋಡು’ ಎಂದೆ.

ಸಂಜೆಗೆ ಮಳೆ ಇನ್ನೂ ಜೋರಾಗಿ, ಎಲ್ಲೋ ಮರ ಬಿದ್ದು ಹೊಸ ಲೈನೂ ಹೋಯಿತು. ಜಗಲಿಯ ಮೂಲೆಯಲ್ಲಿ, ಅಕ್ಕಿ ಡಬ್ಬದ ಮೇಲೆ ನಿಂತರೆ ಫೋನಿಗೆ ಎರಡು ಕಡ್ಡಿ ಸಿಗ್ನಲ್ಲು ಸಿಗುವ ಜಾಗವೊಂದಿದೆ. ಕಡೆಗೆ ಫೋನಿನ ಇಂಟರ್ನೆಟ್ಟಾದರೂ ಇರಲಿ, ಗಿರಾಕಿಗಳಿಗೆ ಮೇಲ್ ಹಾಕಿ ಕ್ಷಮೆ ಕೇಳೋಣ ಎಂದು ಲ್ಯಾಪ್‌ಟಾಪನ್ನು ಅಲ್ಲಿಗೆ ಹೊತ್ತು, ಫೋನನ್ನು ಡಬ್ಬದ ಮೇಲಿಟ್ಟೆ. ಅಭ್ಯಾಸಬಲದಿಂದ ಸುರಂಗ ಹಾಕಿದೆ, ರಿಮೋಟ್ ಡೆಸ್ಕ್‌ಟಾಪ್ ಒತ್ತಿದೆ.

ತೆರೆದುಕೊಂಡಿತು. ಹಿಂದಿನ ದಿನ ನಾನು ಬಿಟ್ಟ ಅಕ್ಕಿ ಗಿರಣಿಯ ಲೆಕ್ಕ ಬಿಟ್ಟಲ್ಲೇ ಕಾಣುವುದಿಲ್ಲ, ರಾತ್ರಿ ಅವಳು ಮೈನ್ ತೆಗೆದಿದ್ದಳಲ್ಲ. ಆದರೆ ಕಂಪ್ಯೂಟರು ಬೆಳಿಗ್ಗೆ ಎಂಟೂಕಾಲರಿಂದ ಎಚ್ಚರವಿದ್ದುದಕ್ಕೆ ಅದರೊಳಗೇ ಲೆಕ್ಕವಿತ್ತು, ಎಷ್ಟು ಹೊತ್ತಿನಿಂದ ಓಡುತ್ತಿದ್ದೇನೆ ಎಂದು ಅದು ಬರೆದಿಟ್ಟುಕೊಳ್ಳುತ್ತದೆ. ಹತ್ತು ಗಂಟೆ, ಹದಿನಾರು ನಿಮಿಷ. ಅವಳು ಹೇಳಿದ ಪ್ರತಿಯೊಂದು ಮಾತೂ ನಿಜ.

ಆಗ ತಲೆ ಓಡತೊಡಗಿತು. ಫೋನಿನ ದಾರಿಯಲ್ಲಿ ಹೋದರೆ ಸಿಗುತ್ತದೆ, ಮನೆಯ ಲೈನಿನಲ್ಲಿ ಹೋದರೆ ಸಿಗುವುದಿಲ್ಲ ಎಂದಾದರೆ ತೊಂದರೆ ಇರುವುದು ಮನೆಯ ಲೈನಿನಲ್ಲಿ. ರಾತ್ರಿ ಒಂಬತ್ತಕ್ಕೆ ಹುಡುಗ ಫೋನು ಎತ್ತಿದ, ಹಿಂದೆ ವಾಲಗದ ಸದ್ದು. ‘ಹೊಸ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಒಂದು ನಂಬರಿರುತ್ತೆ, ಓದಿ ಮೇಡಂ’ ಎಂದ. ಓದಿದೆ: 192.168.1.1. ‘ಅಷ್ಟೆ’ ಎಂದ.

ಅಷ್ಟೇ ಆಗಿತ್ತು. ಆಫೀಸಿನ ಮನೆ ನಂಬರುಗಳೂ 192.168.1, ಅಮ್ಮನ ಮನೆಯ ಹೊಸ ಪೆಟ್ಟಿಗೆಯದ್ದೂ 192.168.1. ಹಳೆಯ ಪೆಟ್ಟಿಗೆಯದು ಬೇರೆ ಇದ್ದುದರಿಂದ ಅಲ್ಲಿಯವರೆಗೆ ನಡೆದಿತ್ತು. ಈಗ ನಾನು ಇಪ್ಪತ್ತನೇ ನಂಬರಿನವರನ್ನು ಕರೆ ಎಂದರೆ ಲ್ಯಾಪ್‌ಟಾಪು, ಅದು ನಮ್ಮ ಬೀದಿಯಲ್ಲೇ ಇರಬೇಕಲ್ಲ ಎಂದು, ಸುರಂಗದ ಕಡೆ ತಿರುಗದೆ, ಅಮ್ಮನ ಮನೆಯೊಳಗೇ ಇಪ್ಪತ್ತನೇ ನಂಬರನ್ನು ಹುಡುಕುತ್ತಿತ್ತು. ಇಲ್ಲದವರನ್ನು ಕರೆದು ಕರೆದು, ಆಚೆಯವರು ಮನೆಯಲ್ಲಿಲ್ಲ ಎಂದು ನನಗೆ ಹೇಳುತ್ತಿತ್ತು. ನನ್ನ ಕೂಗು ಅಂಗಳ ದಾಟಿರಲೇ ಇಲ್ಲ. ಮರುದಿನ ಲೈನು ಬಂದ ಮೇಲೆ ಹುಡುಗ ಫೋನಿನಲ್ಲಿ ಹೇಳಿದ ಹಾಗೆ ನಮ್ಮ ಪೆಟ್ಟಿಗೆಯ ನಂಬರನ್ನು 192.168.50 ಎಂದು ಬದಲಾಯಿಸಿದೆ. ಐದು ನಿಮಿಷದ ಕೆಲಸ. ಆಮೇಲೆ ಇವತ್ತಿನವರೆಗೆ ಆ ತೊಂದರೆ ಬಂದಿಲ್ಲ.

ಹನ್ನೊಂದು ಲೆಕ್ಕದಲ್ಲಿ ಏಳನ್ನು ಆ ರಾತ್ರಿ ಜಗಲಿಯ ಮೂಲೆಯಲ್ಲೇ ಮುಗಿಸಿದೆ, ನಾಲ್ಕನ್ನು ಇಪ್ಪತ್ತರಂದು ಮಧ್ಯಾಹ್ನದೊಳಗೆ. ಸಾಹೇಬರು ‘ಗುಡ್’ ಎಂದು ಒಂದು ಶಬ್ದದ ಮೆಸೇಜು ಹಾಕಿದರು. ನನ್ನ ಕುರ್ಚಿ ಉಳಿಯಿತು.

ಅವಳಿಗೆ ಫೋನು ಮಾಡಲು ಇನ್ನೊಂದು ದಿನ ತೆಗೆದುಕೊಂಡೆ. ‘ತಪ್ಪು ನಮ್ಮ ಮನೆ ಕಡೆಯೇ ಇತ್ತು ಮಾರಾಯ್ತಿ. ಸುಮ್ಮನೆ ನಿನ್ನ ಮೇಲೆ ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ’ ಎಂದೆ.

ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ನೀವಾ ಹೇಳಿದ್ದು?’ ಎಂದಳು. ‘ಸಾಹೇಬ್ರು ಯಾರ ಹೆಸರೂ ಹೇಳಿರಲಿಲ್ಲ.’

ಏನು ಹೇಳಲಿ? ಸಂಪರ್ಕ ಕಡಿದುಹೋಯಿತೇನೋ ಎಂದು ಎರಡು ಸಲ ಹಲೋ ಹಲೋ ಎಂದೆ. ‘ಕೇಳ್ತಿದೆ ಅಮ್ಮಾ’ ಎಂದಳು. ‘ಆಯ್ತು, ಹಾಲು ಉಕ್ಕುತ್ತೆ’ ಎಂದು ಇಟ್ಟಳು.

ಅಂದಿನಿಂದ ಸಂಜೆಯ ಫೋನು ನಿಂತಿತು. ಕೆಲಸ ನಿಲ್ಲಲಿಲ್ಲ, ಅದನ್ನು ಹೇಳಲೇಬೇಕು. ಬೆಳಿಗ್ಗೆ ಎಂಟೂಕಾಲಿಗೆ ಕಂಪ್ಯೂಟರು ಎದ್ದೇ ಇರುತ್ತಿತ್ತು. ಸಂಜೆ ಇರುವುದೋ ಇಲ್ಲವೋ ಎಂದು ನಾನೇ ಇಣುಕಿ ನೋಡಬೇಕಾಗಿತ್ತು. ಹದಿನೈದು ದಿನ ಹೀಗೆ ಕಳೆಯಿತು. ಅಮ್ಮನಿಗೆ ಎಡಗೈಯಲ್ಲಿ ಚಮಚ ಹಿಡಿಯುವುದು ಅಭ್ಯಾಸವಾಯಿತು. ಆಗಸ್ಟಿನ ಒಂದು ಸಂಜೆ ಆರೂಕಾಲಕ್ಕೆ ಫೋನು ಹೊಡೆದುಕೊಂಡಿತು. ‘ಗುಡುಗ್ತಾ ಇದೆ ಅಮ್ಮಾ, ಲೆಕ್ಕ ಮುಚ್ಚಿಕೊಳ್ಳಿ, ಮೈನ್ ತೆಗೀತೀನಿ.’ ಮುಚ್ಚಿದೆ ಎಂದೆ. ತೆಗೆದಳು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ದೀಪಾವಳಿ ಕಳೆದು, ಅಮ್ಮ ಕೋಲು ಹಿಡಿದು ನಡೆಯುವಂತಾಗಿ, ಜೊತೆಗೆ ಚಿಕ್ಕಮ್ಮ ಬಂದಿರಲು ಒಪ್ಪಿದ ಮೇಲೆ ನಾನು ಸಾಗರಕ್ಕೆ ಹಿಂದಿರುಗಿದೆ. ಮೊದಲ ದಿನ ಕುರ್ಚಿಯ ಮೇಲೆ ಒಂದಿಷ್ಟೂ ಧೂಳಿರಲಿಲ್ಲ. ನನ್ನ ಕಂಪ್ಯೂಟರಿನ ಪ್ಲಗ್ಗಿನ ಸ್ವಿಚ್ಚಿನ ಮೇಲೆ ಆಯುಧಪೂಜೆಯ ಕುಂಕುಮ ಹಾಗೇ ಇತ್ತು, ಪಕ್ಕದಲ್ಲಿ ಕೆಂಪು ಟೇಪು, ಯಾರೂ ಮುಟ್ಟದಿರಲೆಂದು. ಅವಳು ಚಹಾ ತಂದಿಟ್ಟು ಅಲ್ಲೇ ನಿಂತಳು.

‘ನೀವು ಊರಲ್ಲಿ ಕೂತು ಬರೀವಾಗ ಇಲ್ಲಿ ಏನೂ ಕಾಣ್ತಿರಲಿಲ್ಲ’ ಎಂದಳು. ನಿಜ, ದೂರದಿಂದ ಒಬ್ಬರು ಒಳಗಿದ್ದಾಗ ಎದುರಿನ ಪರದೆ ಬೀಗ ಹಾಕಿಕೊಂಡಿರುತ್ತದೆ. ‘ಒರೆಸುವಾಗ ಮೌಸು ಅಲುಗಿದರೆ ಒಂದು ಸಮುದ್ರದ ಚಿತ್ರ ಬರೋದು, ಅಷ್ಟೆ. ಆದ್ರೂ ಒಳಗಿದ್ದೀರಲ್ಲ ಅಂತ ಈ ಟೇಬಲ್ ಹತ್ರ ಸದ್ದು ಮಾಡ್ತಿರಲಿಲ್ಲ ನಾನು.’

ಸಂಜೆ ಎಲ್ಲರೂ ಹೋದ ಮೇಲೂ ನಾನು ಇನ್ನೂ ಕುಳಿತಿದ್ದೆ. ಅವಳು ಕೊಡೆ ಕಂಕುಳಲ್ಲಿಟ್ಟುಕೊಂಡು, ಗೋಡೆಯ ಬಳಿ ನಿಂತು, ‘ಈಗ ಮೈನ್ ತೆಗೀಲಾ?’ ಎಂದು ಕೇಳಿದಳು.